ಸರಪಣಿಯ ಕೋಣೆಯನ್ನು ಮನೆಯಾಗಿ ಮಾಡಿದ ವಿಲಿಯಂ ಟ್ಯೂಕನು

ನಮ್ಮ ಹುಲಕೋಟಿಯ ಸೀಮೆಯಲ್ಲಿ ಯಾವನಾದರೂ ತಾಳಮೇಳವಿಲ್ಲದೆ ಮಾತಾಡಿದರೆ, ಇವನನ್ನು ಧಾರವಾಡಕ್ಕೆ ಕಳುಹಿಸಬೇಕೆಂದು ಜನರು ನಗೆಯಾಡುವದುಂಟು. ಧಾರವಾಡವು ವಿದ್ಯೆಯ ಊರು, ಕವಿಗಳ ಊರು, ಸಂಗೀತದ ಊರು; ಆದರೂ ಈ ಮಾತಿನಲ್ಲಿ ಆ ಊರಿನ ಹೆಸರಿಗೆ ಹುಚ್ಚರ ದವಾಖಾನೆ ಎಂಬ ಒಂದೇ ಅರ್ಥ ಉಂಟು. ಆ ದವಾಖಾನೆಯು 1845ರಲ್ಲಿ ಸ್ಥಾಪಿತವಾಯಿತು. ಅಂದಿನಿಂದ ಅದರ ಗೋಡೆಯ ಆಚೆ ನಡೆಯುವದನ್ನು ಕಾಣದ ಜನರು ಅದಕ್ಕೆ ಅಂಜುತ್ತಾ, ತಮ್ಮ ಅಂಜಿಕೆಯನ್ನು ಮರೆಮಾಡುವದಕ್ಕಾಗಿ ನಗುತ್ತಾ ಬಂದಿದ್ದಾರೆ.

ಆದರೆ ಬುದ್ಧಿಭ್ರಮಣೆಯುಳ್ಳವರನ್ನು ಇಡುವ ಸ್ಥಳವು ಧಾರವಾಡದಲ್ಲಿ ಮಾತ್ರವೇ ಇರುತ್ತದೆಂದು ನೆನಸಬಾರದು. ಕೆಲವು ವರುಷಗಳ ಹಿಂದೆ ಈ ಸೀಮೆಯ ಒಂದು ಹಳ್ಳಿಯಲ್ಲಿ ನಾನು ಒಂದು ಮನೆಗೆ ಪ್ರಾರ್ಥನೆಗಾಗಿ ಹೋಗಿದ್ದೆನು. ಪಡಸಾಲೆಯಲ್ಲಿ ಚಾಪೆ ಹಾಸಿ ಮನೆಯವರು ನನ್ನನ್ನು ಮರ್ಯಾದೆಯಿಂದ ಕೂರಿಸಿದರು. ಹಿಂದಿನ ದನದ ಕೊಟ್ಟಿಗೆಯಿಂದ ಒಬ್ಬ ಮನುಷ್ಯನ ಧ್ವನಿಯು ಪದೇ ಪದೇ ಕೇಳಿಸಿತು. ಆತನು ಆ ಮನೆಯ ಹಿರಿಯ ಮಗನೆಂದೂ, ಗೋದಲಿಯ ಬಳಿಯ ಕಂಬಕ್ಕೆ ಕಾಲು ಕಟ್ಟಿಸಿಕೊಂಡು ಇರುತ್ತಾನೆಂದೂ ನನಗೆ ತಿಳಿದಿತ್ತು. ನಾನು ಪ್ರಾರ್ಥನೆ ಮಾಡಿ, ಚಹಾ ಕುಡಿದು, ಎದ್ದು ಬಂದೆನು. ಕೊಟ್ಟಿಗೆಯ ಬಾಗಿಲ ತನಕ ಹೋಗಲಿಲ್ಲ. ಆ ಮನೆಯವರು ಕ್ರೂರರಲ್ಲ. ಬೇರೆ ದಾರಿಯನ್ನು ಅವರು ಕಂಡಿರಲಿಲ್ಲ. ನಾನಾದರೋ ನೋಡದೆ ಇರುವ ದಾರಿಯನ್ನು ಆರಿಸಿಕೊಂಡೆನು. ಆ ದಿನದ ನೆನಪು ನನ್ನನ್ನು ಚುಚ್ಚುತ್ತಿರುವದರಿಂದಲೇ ಈ ತಿಂಗಳು ವಿಲಿಯಂ ಟ್ಯೂಕನ ಚರಿತ್ರೆಯನ್ನು ಬರೆಯಲು ಮನಸ್ಸಾಯಿತು. ಈತನು ವೈದ್ಯನಲ್ಲ, ಬೋಧಕನಲ್ಲ, ಮನೆ ಕಟ್ಟುವ ಶಿಲ್ಪಿಯೂ ಅಲ್ಲ; ಚಹಾದ ಪುಡಿಯನ್ನು ಮಾರುವ ವರ್ತಕನು. ಹಾಗಿದ್ದರೂ ಬುದ್ಧಿಭ್ರಮಣೆಯುಳ್ಳವರಿಗಾಗಿ ಕಟ್ಟುವ ಮನೆಯು ಹೇಗಿರಬೇಕೆಂಬದನ್ನು ಈತನು ಲೋಕಕ್ಕೆ ತೋರಿಸಿಕೊಟ್ಟನು.

ವಿಲಿಯಂ ಟ್ಯೂಕನು 1732ನೇ ಇಸವಿಯ ಮಾರ್ಚ್ ತಿಂಗಳ 24ನೇ ತಾರೀಖಿನಲ್ಲಿ ಇಂಗ್ಲೆಂಡ್ ದೇಶದ ಯಾರ್ಕ್ ಪಟ್ಟಣದಲ್ಲಿ ಹುಟ್ಟಿದನು. ಆತನ ಮನೆತನದವರು ಕ್ವೇಕರರೆಂಬ ಕ್ರೈಸ್ತ ಪಂಗಡಕ್ಕೆ ಸೇರಿದವರು. ಈ ಪಂಗಡದವರು ತಮ್ಮನ್ನು ಮಿತ್ರರೆಂದು ಕರೆದುಕೊಳ್ಳುತ್ತಾರೆ. ಇವರ ಆರಾಧನೆಯಲ್ಲಿ ಸಂಬಳದ ಬೋಧಕನಿರಲಿಲ್ಲ. ಎಲ್ಲರೂ ಮೌನವಾಗಿ ಕೂತು ದೇವರಿಗಾಗಿ ಕಾದುಕೊಳ್ಳುತ್ತಿದ್ದರು. ಪ್ರತಿಯೊಬ್ಬ ಮನುಷ್ಯನ ಅಂತರಂಗದಲ್ಲಿ ದೇವರ ಬೆಳಕಿನ ಒಂದು ಕಿಡಿಯಾದರೂ ಇದೆ ಎಂಬದು ಇವರ ದೃಢವಾದ ನಂಬಿಕೆ. ಈ ನಂಬಿಕೆಯ ಸಲುವಾಗಿ ಇವರು ಹಿಂದೆ ಬಹಳ ಕಷ್ಟಪಟ್ಟಿದ್ದರು. ಟ್ಯೂಕನ ಮುತ್ತಾತನ ಕಾಲದಲ್ಲಿ ಇವರಲ್ಲಿ ಅನೇಕರು ಸೆರೆಮನೆಯನ್ನು ಕಂಡವರೇ. ವಿಶ್ವವಿದ್ಯಾಲಯಗಳ ಬಾಗಿಲೂ ಸರಕಾರಿ ಉದ್ಯೋಗಗಳ ಬಾಗಿಲೂ ಇವರಿಗೆ ಮುಚ್ಚಿದ್ದರಿಂದ ಇವರಲ್ಲಿ ಬಹು ಮಂದಿ ವ್ಯಾಪಾರಕ್ಕೆ ಕೈಹಾಕಿ, ಒಂದೇ ದರ, ಸರಿಯಾದ ತೂಕ ಎಂಬ ಹೆಸರನ್ನು ಗಳಿಸಿದ್ದರು.

ಟ್ಯೂಕನ ಸೋದರತ್ತೆಯಾದ ಮೇರಿ ಟ್ಯೂಕಳು 1725ರಲ್ಲಿ ಯಾರ್ಕಿನಲ್ಲಿ ಕಿರಾಣಿ ಅಂಗಡಿಯನ್ನು ತೆರೆದಿದ್ದಳು. ಮದುವೆಯಾಗದ ಒಬ್ಬ ಹೆಂಗಸು ತಮ್ಮ ಅಪ್ಪಣೆಯಿಲ್ಲದೆ ವ್ಯಾಪಾರ ಮಾಡಬಾರದೆಂದು ಊರಿನ ವರ್ತಕರ ಸಂಘದವರು ವರುಷಗಟ್ಟಲೆ ಆಕೆಯನ್ನು ಕಾಡಿದರು, ದಂಡ ಹಾಕಿದರು. ಆಕೆಯು ಜಗ್ಗಲಿಲ್ಲ, ಕಡೆಗೆ ಅವರೇ ಸೋತು ಸುಮ್ಮನಾದರು. ಈ ಅತ್ತೆಯ ಅಂಗಡಿಯಲ್ಲಿ ಬಾಲಕನಾದ ವಿಲಿಯಮನು ಕೆಲಸ ಕಲಿತನು. 1752ರಲ್ಲಿ ಆಕೆ ತೀರಿಹೋಗಲು, ಇಪ್ಪತ್ತು ವರುಷ ಪ್ರಾಯದ ಆತನಿಗೆ ಆ ಅಂಗಡಿಯು ಬಂತು. ಚಹಾ ಮತ್ತು ಕೋಕೋ ವ್ಯಾಪಾರದಲ್ಲಿ ಆತನು ಚೆನ್ನಾಗಿ ಏಳಿಗೆ ಹೊಂದಿದನು. ಅತ್ತೆಯಿಂದ ಆತನಿಗೆ ಅಂಗಡಿಯ ಸಂಗಡ ಮತ್ತೊಂದು ಸ್ವಾಸ್ತ್ಯವೂ ದೊರಕಿತ್ತು. ಅದು ಹಿಡಿದ ಕಾರ್ಯವನ್ನು ಬಿಡದ ಮನಸ್ಸು.

1754ರಲ್ಲಿ ಆತನು ಎಲಿಜಬೆತ್ ಎಂಬಾಕೆಯನ್ನು ಮದುವೆಯಾದನು. ಆಕೆಯು ಚಿಕ್ಕ ಮಕ್ಕಳನ್ನು ಬಿಟ್ಟು 1760ರಲ್ಲಿ ತೀರಿಹೋದಳು. 1765ರಲ್ಲಿ ಆತನು ಎಸ್ತರಳೆಂಬ ದೈವಭಕ್ತೆಯನ್ನು ವಿವಾಹವಾದನು. ಇವರಿಬ್ಬರೂ ಕೂಡಿ ಹೆಣ್ಣುಮಕ್ಕಳಿಗಾಗಿ ಯಾರ್ಕಿನಲ್ಲಿ ಒಂದು ಶಾಲೆಯನ್ನು ನಡಿಸಿದರು. ಹೀಗೆ ಮನೆ, ಅಂಗಡಿ, ಸಭೆ, ಶಾಲೆ ಇವುಗಳಲ್ಲಿ ಆತನ ದಿನಗಳು ಕಳೆದು, ಆತನಿಗೆ ಸುಮಾರು ಅರುವತ್ತು ವರುಷವಾಯಿತು. ಅನೇಕರು ವಿಶ್ರಾಂತಿಯನ್ನು ಬಯಸುವ ಆ ವಯಸ್ಸಿನಲ್ಲಿ ಆತನ ಮುಖ್ಯ ಕೆಲಸವು ಆರಂಭವಾಯಿತು.

ಅದನ್ನು ತಿಳುಕೊಳ್ಳುವದಕ್ಕೆ ಆ ಕಾಲದ ಹುಚ್ಚರ ಆಸ್ಪತ್ರೆಗಳು ಹೇಗಿದ್ದವೆಂಬದನ್ನು ನೋಡಬೇಕು. ಲಂಡನ್ ಪಟ್ಟಣದಲ್ಲಿ ಬೆಥ್ಲೆಮ್ ಎಂಬ ಪ್ರಾಚೀನ ಆಸ್ಪತ್ರೆಯಿತ್ತು. ನಮ್ಮ ರಕ್ಷಕನು ಹುಟ್ಟಿದ ಊರಿನ ಹೆಸರೇ ಅದಕ್ಕೆ. ಅದಕ್ಕಾಗಿ ರಾಬರ್ಟ್ ಹುಕ್ ಎಂಬ ವಿದ್ವಾಂಸನ ನಕ್ಷೆಯಂತೆ 1676ರಲ್ಲಿ ಒಂದು ಹೊಸ ಕಟ್ಟಡವು ಸಿದ್ಧವಾಯಿತು. ಬೀದಿಯಿಂದ ನೋಡುವವರಿಗೆ ಅದು ಅರಮನೆಯಂತೆ ತೋರುತ್ತಿತ್ತು. ಹೆಬ್ಬಾಗಿಲಿನ ಮೇಲೆ ಹುಚ್ಚಿನ ಎರಡು ವಿಧಗಳನ್ನು ತೋರಿಸುವ ಎರಡು ದೊಡ್ಡ ಕಲ್ಲಿನ ಬೊಂಬೆಗಳಿದ್ದವು; ಅವುಗಳಲ್ಲಿ ಒಂದಕ್ಕೆ ಸರಪಣಿ. ಒಳಗೆ ಉದ್ದವಾದ ಮೊಗಸಾಲೆಗಳು, ಅವುಗಳ ಬದಿಗೆ ಚಿಕ್ಕ ಕೋಣೆಗಳು. 1770ರ ತನಕ ಊರಿನ ಜನರು ಜಾತ್ರೆಗೆ ಹೋಗುವಂತೆ ಅಲ್ಲಿಗೆ ಹೋಗಿ ರೋಗಿಗಳನ್ನು ನೋಡಿ ನಕ್ಕು ಬರುತ್ತಿದ್ದರು. ಆ ಅಂದವಾದ ಕಟ್ಟಡವನ್ನು ಪಟ್ಟಣದ ಹಳೆಯ ಕಂದಕವನ್ನು ತುಂಬಿದ ಸಡಿಲು ಮಣ್ಣಿನ ಮೇಲೆ ಕಟ್ಟಿದ್ದರಿಂದ ಕೆಲವು ಕಾಲದ ಮೇಲೆ ಗೋಡೆಗಳು ಬಿರಿದು, ಅದನ್ನು ಬಿಟ್ಟುಬಿಡಬೇಕಾಯಿತು. ಹೊರಗೆ ಶೃಂಗಾರ, ಅಡಿಯಲ್ಲಿ ಮರಳು ಎಂಬ ಹಾಗೆ ಅದರ ಗತಿಯಾಯಿತು.

ಯಾರ್ಕ್ ಪಟ್ಟಣದಲ್ಲಿಯೂ 1777ರಲ್ಲಿ ಹುಚ್ಚರಿಗಾಗಿ ಒಂದು ಆಸ್ಪತ್ರೆಯು ತೆರೆಯಲ್ಪಟ್ಟಿತು. ಅದನ್ನು ಜಾನ್ ಕಾರ್ ಎಂಬ ಪ್ರಸಿದ್ಧ ಶಿಲ್ಪಿಯು ಕಟ್ಟಿದನು. ಅದೂ ಶ್ರೀಮಂತನ ಬಂಗಲೆಯಂತೆ ಸುಂದರವಾಗಿತ್ತು. 1790ನೇ ಇಸವಿಯ ಮಾರ್ಚ್ ತಿಂಗಳಲ್ಲಿ ಲೀಡ್ಸ್ ಊರಿನ ಹ್ಯಾನಾ ಮಿಲ್ಸ್ ಎಂಬ ಕ್ವೇಕರ್ ವಿಧವೆಯೊಬ್ಬಳನ್ನು ಅಲ್ಲಿಗೆ ಸೇರಿಸಿದರು. ದೂರದಲ್ಲಿದ್ದ ಆಕೆಯ ಬಂಧುಗಳು, ತಮ್ಮ ಪರವಾಗಿ ಆಕೆಯನ್ನು ನೋಡಿ ಬರಬೇಕೆಂದು ಯಾರ್ಕಿನ ಮಿತ್ರರನ್ನು ಕೇಳಿಕೊಂಡರು. ಇವರು ಹೋದಾಗ, ರೋಗಿಯು ಯಾರನ್ನೂ ನೋಡತಕ್ಕ ಸ್ಥಿತಿಯಲ್ಲಿಲ್ಲವೆಂದು ಹೇಳಿ ಆಸ್ಪತ್ರೆಯವರು ಬಾಗಿಲಿನಿಂದಲೇ ಕಳುಹಿಸಿಬಿಟ್ಟರು. ಏಪ್ರಿಲ್ 29ನೇ ತಾರೀಖಿನಲ್ಲಿ, ಅಂದರೆ ಸೇರಿದ ಆರು ವಾರಗಳಲ್ಲಿಯೇ, ಆಕೆಯು ಸತ್ತಳು. ಆ ಗೋಡೆಗಳೊಳಗೆ ಆಕೆಗೆ ಏನಾಯಿತೆಂದು ಹೊರಗಿನವರಲ್ಲಿ ಯಾರಿಗೂ ತಿಳಿಯಲಿಲ್ಲ.

ಈ ಸಂಗತಿಯು ಟ್ಯೂಕನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ತಮ್ಮವರಿಗಾಗಿ, ಯಾವದೂ ಮುಚ್ಚುಮರೆಯಿಲ್ಲದ ಒಂದು ಮನೆಯನ್ನು ನಾವೇ ಯಾಕೆ ಕಟ್ಟಬಾರದೆಂದು ಆತನ ಮಗಳಾದ ಆ್ಯನ್ ಎಂಬವಳು ತಂದೆಯನ್ನು ಕೇಳಿದಳೆಂದು ಆ ಕುಟುಂಬದವರು ಹೇಳುತ್ತಿದ್ದರು. 1792ರಲ್ಲಿ ಟ್ಯೂಕನು ಈ ಆಲೋಚನೆಯನ್ನು ಮಿತ್ರರ ಸಭೆಯ ಮುಂದೆ ಇಟ್ಟನು. ಎಲ್ಲರೂ ಕೂಡಲೆ ಒಪ್ಪಿದರೆಂದು ಎಣಿಸಬೇಡಿರಿ. ನಮ್ಮ ಪಂಗಡದಲ್ಲಿ ಇಂಥ ರೋಗಿಗಳು ಎಷ್ಟು ಮಂದಿ ಇದ್ದಾರೆಂದು ಕೆಲವರು ಕೇಳಿದರು. ಇಷ್ಟು ಹಣ ಎಲ್ಲಿಂದ ಬರುವದೆಂದು ಕೆಲವರು ಹಿಂಜರಿದರು. ಹುಚ್ಚರ ಮನೆಯು ನಮ್ಮ ಊರಿನಲ್ಲಿಯೇ ಯಾಕೆ ಎಂದು ಕೆಲವರು ಮುಖ ತಿರುಗಿಸಿದರು. ಟ್ಯೂಕನು ಅವರೊಡನೆ ಜಗಳವಾಡದೆ ಊರೂರಿನ ಸಭೆಗಳಿಗೆ ಕಾಗದ ಬರೆದು, ಲೆಕ್ಕ ತೋರಿಸಿ, ಚಂದಾ ಎತ್ತಿದನು. ನಮ್ಮ ಗದಗ ತಾಲೂಕಿನ ಕಣಗಿನಹಾಳದ ರೈತರು 1905ರಲ್ಲಿ ಕೈಕೂಡಿಸಿ ಸಹಕಾರಿ ಸಂಘವನ್ನು ಕಟ್ಟಿದ್ದನ್ನು ಬಲ್ಲ ನಮಗೆ ಈ ಕಾರ್ಯದ ರೀತಿಯು ಹೊಸದಲ್ಲ. ಒಬ್ಬ ಧನಿಕನ ದಾನದಿಂದಲ್ಲ, ಅನೇಕರ ಪಾಲಿನಿಂದ ಆ ಮನೆಯು ಎದ್ದಿತು. ಹಣ ಕೊಟ್ಟ ಸಭೆಗಳಿಗೆ ತಮ್ಮಲ್ಲಿಯ ಬಡ ರೋಗಿಯನ್ನು ಕಡಿಮೆ ವೆಚ್ಚದಲ್ಲಿ ಕಳುಹಿಸುವ ಹಕ್ಕೂ ದೊರೆಯಿತು.

ಯಾರ್ಕಿನ ಹೊರಗೆ, ಸ್ವಲ್ಪ ಎತ್ತರವಾದ ಸ್ಥಳದಲ್ಲಿ, ಹನ್ನೊಂದು ಎಕರೆ ಭೂಮಿಯನ್ನು ಕೊಂಡುಕೊಂಡರು. ಜಾನ್ ಬೆವನ್ಸ್ ಎಂಬ ಲಂಡನಿನ ಕ್ವೇಕರ್ ಶಿಲ್ಪಿಯು ನಕ್ಷೆ ಬರೆದನು. ಸುಮಾರು ಮೂವತ್ತು ಮಂದಿ ರೋಗಿಗಳಿಗಾಗಿ ಕಟ್ಟಿದ ಆ ಮನೆಯು 1796ರಲ್ಲಿ ತೆರೆಯಿತು. ಅದಕ್ಕೆ ಆಸ್ಪತ್ರೆ ಎಂದಾಗಲಿ ಹುಚ್ಚರ ಶಾಲೆ ಎಂದಾಗಲಿ ಹೆಸರಿಡಲಿಲ್ಲ. ಟ್ಯೂಕನ ಸೊಸೆಯ ಸೂಚನೆಯಂತೆ ಅದನ್ನು ರಿಟ್ರೀಟ್ ಎಂದು ಕರೆದರು. ಬಿರುಗಾಳಿಯಲ್ಲಿ ಸಿಕ್ಕಿದವನು ಓಡಿಹೋಗಿ ಸೇರುವ ಆಶ್ರಯಸ್ಥಾನವೆಂದು ಅದರ ಭಾವ.

ವಾಚಕರೇ, ಈ ಮನೆಯ ಒಂದೊಂದು ಭಾಗವನ್ನೂ ಮನಸ್ಸಿನಲ್ಲಿ ಸುತ್ತಿ ನೋಡಿರಿ. ಹೊರಗೆ ನಿಂತು ನೋಡುವವನಿಗೆ ಅದು ಅರಮನೆಯೂ ಅಲ್ಲ, ಸೆರೆಮನೆಯೂ ಅಲ್ಲ. ತೋಟದ ನಡುವೆ ಇರುವ ಒಬ್ಬ ರೈತನ ದೊಡ್ಡ ಮನೆ. ಕಿಟಕಿಗಳಿಗೆ ಸರಳುಗಳಿಲ್ಲ. ಆದರೆ ಗಾಜನ್ನು ಹಿಡಿದಿದ್ದ ಚೌಕಟ್ಟುಗಳನ್ನು ಕಬ್ಬಿಣದಿಂದಲೇ ಮಾಡಿ, ಕಟ್ಟಿಗೆಯಂತೆ ತೋರುವ ಹಾಗೆ ಬಣ್ಣ ಬಳಿದಿದ್ದರು. ಹೀಗೆ ರೋಗಿಯು ಹೊರಗೆ ಹಾರಿ ಅಪಾಯ ಹೊಂದಲಾರನು; ಆದರೂ ತಾನು ಬಂದಿಯೆಂಬ ಭಾವನೆಯು ಅವನ ಕಣ್ಣಿಗೆ ತಟ್ಟದು. ಬಾಗಿಲಿನ ಅಗುಳಿಗಳಿಗೆ ಚರ್ಮವನ್ನು ಹೊದಿಸಿದ್ದರು, ಯಾಕಂದರೆ ರಾತ್ರಿ ಬಾಗಿಲು ಹಾಕುವಾಗ ಕಬ್ಬಿಣದ ಸಪ್ಪಳವು ನೊಂದವನ ಕಿವಿಗೆ ಬೀಳಬಾರದು. ಅಡ್ಡಾಡುವ ಅಂಗಳಗಳಿಗೆ ಗೋಡೆಗಳಿದ್ದವು. ನೆಲವು ಇಳಿಜಾರಾಗಿದ್ದರಿಂದ ಗೋಡೆಯ ಮೇಲಿಂದ ದೂರದ ಹೊಲಗಳು ಕಾಣುತ್ತಿದ್ದವು. ಆ ಅಂಗಳಗಳಲ್ಲಿ ಮೊಲಗಳನ್ನೂ ಕೋಳಿಗಳನ್ನೂ ಸಾಕಿದ್ದರು. ತನ್ನನ್ನು ತಾನೇ ಮರೆತಿರುವ ಮನುಷ್ಯನು ಒಂದು ಚಿಕ್ಕ ಜೀವಕ್ಕೆ ಕಾಳು ಹಾಕುತ್ತಾ ಕರುಣೆಯನ್ನು ತಿರಿಗಿ ಕಲಿತಾನೆಂಬದು ಅವರ ನಿರೀಕ್ಷೆ. ತೋಟದ ಕೆಲಸ, ಆಕಳುಗಳ ಆರೈಕೆ, ಹೊಲಿಗೆ ಇವು ಶಕ್ತಿಯಿದ್ದವರಿಗೆ ದೊರಕುತ್ತಿದ್ದವು. ಕ್ವೇಕರರ ನಂಬಿಕೆಯು ಪುಸ್ತಕದಲ್ಲಿ ಉಳಿಯದೆ ಕಿಟಕಿಯೂ ಅಗುಳಿಯೂ ಅಂಗಳವೂ ಆಗಿ ಪರಿಣಮಿಸಿತು.

ಮನೆಯು ತೆರೆದ ಸ್ವಲ್ಪ ಕಾಲದಲ್ಲಿಯೇ ಅದರ ಮೇಲ್ವಿಚಾರಕನು ತೀರಿಹೋದನು. ಆಗ ಟ್ಯೂಕನು ತನ್ನ ವ್ಯಾಪಾರದ ನಡುವೆಯೂ ತಾನೇ ಆ ಕೆಲಸವನ್ನು ಕೆಲವು ತಿಂಗಳು ಹೊತ್ತನು. 1797ರಲ್ಲಿ ಜಾರ್ಜ್ ಜೆಪ್ಸನ್ ಎಂಬ ಸಾಮಾನ್ಯ ಕಲಿಕೆಯ, ಆದರೆ ಬಹು ತಾಳ್ಮೆಯ ಮನುಷ್ಯನು ಬಂದನು. ಹೆಂಗಸರ ವಿಚಾರಣೆಯನ್ನು ಕ್ಯಾಥರೀನ್ ಅಲೆನ್ ಎಂಬಾಕೆಯು ನೋಡಿಕೊಂಡಳು. ಮುಂದೆ ಇವರಿಬ್ಬರೂ ವಿವಾಹವಾಗಿ ಆ ಮನೆಗೆ ತಾಯಿತಂದೆಯರಂತೆ ಆದರು. ರೋಗಿಗಳನ್ನು ಆಗಾಗ್ಗೆ ಚಹಾಕ್ಕೆ ಕರೆಯುತ್ತಿದ್ದರು. ಕರೆಯಲ್ಪಟ್ಟವರು ಒಳ್ಳೆಯ ಬಟ್ಟೆಯನ್ನು ಹಾಕಿಕೊಂಡು ಬಂದು, ಅತಿಥಿಗಳಂತೆ ಕೂತು, ಸಭ್ಯತೆಯಿಂದ ಮಾತಾಡುತ್ತಿದ್ದರು.

ಒಮ್ಮೆ ಬಹು ಬಲಿಷ್ಠನಾದ ಒಬ್ಬ ತರುಣನನ್ನು ಸಂಕೋಲೆಗಳಲ್ಲಿ ಬಿಗಿದು ತಂದರು. ಮುಂಚೆ ಅವನನ್ನು ಇಟ್ಟಿದ್ದ ಕಡೆಯಲ್ಲಿ ಅವನ ಬಟ್ಟೆಯನ್ನು ಕೂಡ ಸರಪಣಿ ಬಿಚ್ಚದೆಯೇ ಹಾಕಿ ತೆಗೆಯುವಂತೆ ಹೊಲಿಸಿದ್ದರು, ಅಷ್ಟು ಭಯ. ಇಲ್ಲಿ ಒಳಗೆ ಬಂದ ಕೂಡಲೆ ಸಂಕೋಲೆಗಳನ್ನು ತೆಗೆದು, ಜೆಪ್ಸನನೂ ಆಕೆಯೂ ಊಟಮಾಡುತ್ತಿದ್ದ ಕೋಣೆಗೆ ಕರಕೊಂಡು ಹೋಗಿ, ತಮ್ಮ ಸಂಗಡ ಕೂರಿಸಿದರು. ಊಟವಾದ ಮೇಲೆ ಅವನ ಕೋಣೆಯನ್ನು ತೋರಿಸಿ, ಈ ಮನೆಯ ರೀತಿಗಳನ್ನು ತಿಳಿಸಿ, ಅವನೇ ತನ್ನನ್ನು ಬಿಗಿಹಿಡಿದರೆ ಬೇರೆ ಯಾರೂ ಬಿಗಿಯುವ ಅಗತ್ಯವಿಲ್ಲವೆಂದು ಹೇಳಿದರು. ಅವನಿಗೆ ಆಗಾಗ್ಗೆ ಉದ್ರೇಕ ಬರುತ್ತಿತ್ತು. ಆದರೂ ಕೊಟ್ಟ ಮಾತನ್ನು ನೆನಪಿಸಿಕೊಂಡು ಹೋರಾಡಿದನು. ಸುಮಾರು ನಾಲ್ಕು ತಿಂಗಳಲ್ಲಿ ಅವನು ಗುಣಹೊಂದಿ ಮನೆಗೆ ಹೋದನು.

ಎಲ್ಲರೂ ಹೀಗೆ ಗುಣಹೊಂದಿದರೆಂದು ಬರೆದರೆ ಅದು ಸುಳ್ಳಾದೀತು. ಅನೇಕರು ವರುಷಗಟ್ಟಲೆ ಅಲ್ಲಿಯೇ ಉಳಿದರು. ಸರಪಣಿಯನ್ನು ಬಿಟ್ಟರೂ, ತೀರ ಅಪಾಯದ ವೇಳೆಯಲ್ಲಿ ಕೈಗಳನ್ನು ಬಟ್ಟೆಯಿಂದಲೋ ಮೆತ್ತನೆಯ ಪಟ್ಟಿಯಿಂದಲೋ ಬಿಗಿಯುವದುಂಟು. ವೈದ್ಯನಾದ ಥಾಮಸ್ ಫೌಲರನು ಆ ಕಾಲದ ರೀತಿಯಂತೆ ರಕ್ತ ತೆಗೆಯುವದು, ಭೇದಿ ಮಾಡಿಸುವದು ಮೊದಲಾದ ಉಪಾಯಗಳನ್ನು ಪರೀಕ್ಷಿಸಿ, ಅವುಗಳಿಂದ ಪ್ರಯೋಜನವು ಅತ್ಯಲ್ಪವೆಂದು ಕಂಡು ಯಥಾರ್ಥವಾಗಿ ಒಪ್ಪಿಕೊಂಡನು. ನಿದ್ದೆ ಬಾರದವನಿಗೆ ಹೊಟ್ಟೆತುಂಬ ರಾತ್ರಿಯೂಟ, ಖಿನ್ನನಾದವನಿಗೆ ಬೆಚ್ಚಗಿನ ನೀರಿನ ಸ್ನಾನ ಇವು ಹೆಚ್ಚು ಉಪಯೋಗವಾದವು. ಕಟ್ಟಡದಲ್ಲಿಯೂ ದೋಷಗಳಿದ್ದವು. ಮೊಗಸಾಲೆಯ ಎರಡು ಬದಿಗಳಲ್ಲಿಯೂ ಕೋಣೆಗಳನ್ನು ಕಟ್ಟಿದ್ದರಿಂದ ನಡುವೆ ಬೆಳಕು ಸಾಲದೆ ಮಂಕಾಗಿತ್ತು. ನಮ್ಮ ಹಳೆಯ ಮಾಳಿಗೆ ಮನೆಗಳಲ್ಲಿ ನಡುಮನೆಗೆ ಬೆಳಕಿಂಡಿ ಇಡದಿದ್ದರೆ ಹಗಲಲ್ಲಿಯೂ ದೀಪ ಬೇಕಾಗುತ್ತದಷ್ಟೆ. ಹಾಗೆಯೇ ಅಲ್ಲಿಯೂ ಆಯಿತು. ಟ್ಯೂಕನ ಮೊಮ್ಮಗನಾದ ಸ್ಯಾಮುವೆಲನು ಈ ದೋಷಗಳನ್ನು ಮುಚ್ಚಿಡದೆ ಬರೆದು, ಮುಂದೆ ಕಟ್ಟುವವರಿಗೆ ಬುದ್ಧಿ ಹೇಳಿದನು.

ಆ ಮನೆಯ ವಿಷಯವಾಗಿ ಸ್ಯಾಮುವೆಲನು 1813ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಹ್ಯಾನಾ ಮಿಲ್ಸಳು ಸತ್ತ ಆ ಹಳೆಯ ಆಸ್ಪತ್ರೆಯ ವೈದ್ಯನು ಇದು ತಮ್ಮನ್ನು ನಿಂದಿಸುವದಕ್ಕೆ ಬರೆದದ್ದೆಂದು ಸಿಟ್ಟಾದನು. ಇದರಿಂದ ಜನರ ದೃಷ್ಟಿಯು ಆ ಆಸ್ಪತ್ರೆಯ ಮೇಲೆ ಬಿತ್ತು. ಗಾಡ್ಫ್ರೇ ಹಿಗಿನ್ಸ್ ಎಂಬ ನ್ಯಾಯಾಧಿಪತಿಯೂ ಟ್ಯೂಕನ ಮನೆಯವರೂ ಮತ್ತು ಬೇರೆ ಕೆಲವರೂ, ಇಪ್ಪತ್ತು ಪೌಂಡು ದಾನ ಕೊಟ್ಟವರು ಆಡಳಿತಗಾರರಾಗಬಹುದೆಂಬ ನಿಯಮವನ್ನು ಹಿಡಿದು, ತಲೆಗೊಂದರಂತೆ ಆ ಹಣವನ್ನು ಕಟ್ಟಿ ಒಳಗೆ ಪ್ರವೇಶಿಸಿದರು. 1814ರ ಮಾರ್ಚಿನಲ್ಲಿ ಹಿಗಿನ್ಸನು ಒಂದು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ, ಅಡಿಗೆಮನೆಯ ಬಳಿಯ ಒಂದು ಬಾಗಿಲನ್ನು ತೆರೆಯಿಸಿದನು. ಒಳಗೆ ಒಂದೊಂದೂ ಸುಮಾರು ಎಂಟು ಅಡಿ ಚೌಕದ ನಾಲ್ಕು ಗುಪ್ತವಾದ ಕೋಣೆಗಳು ಮಲಮೂತ್ರದಿಂದ ತುಂಬಿದ್ದವು. ಹದಿಮೂರು ಮಂದಿ ಹೆಂಗಸರು ಹಿಂದಿನ ರಾತ್ರಿ ಅವುಗಳಲ್ಲಿಯೇ ಮಲಗಿದ್ದರು. ಆ ಸುಂದರವಾದ ಮುಂಭಾಗವನ್ನು ನೋಡಿ ಹೊಗಳಿದವರಲ್ಲಿ ಒಬ್ಬರಿಗೂ ಈ ಕೋಣೆಗಳ ಸುಳಿವಿರಲಿಲ್ಲ. ಇಪ್ಪತ್ತನಾಲ್ಕು ವರುಷಗಳ ಹಿಂದೆ ಮಿತ್ರರಿಗೆ ಬಾಗಿಲನ್ನು ಯಾಕೆ ತೆರೆಯಲಿಲ್ಲವೆಂಬದು ಈಗ ಎಲ್ಲರಿಗೂ ತೋರಿಬಂತು.

ಅದೇ ವರುಷದಲ್ಲಿ ಬೆಥ್ಲೆಮ್ ಆಸ್ಪತ್ರೆಯಲ್ಲಿ ಜೇಮ್ಸ್ ನಾರಿಸ್ ಎಂಬವನು ಕುತ್ತಿಗೆಗೆ ಕಬ್ಬಿಣದ ಪಟ್ಟಿಯುಳ್ಳವನಾಗಿ ಹತ್ತು ವರುಷಕ್ಕಿಂತ ಹೆಚ್ಚಾಗಿ ಒಂದು ಕಂಬಕ್ಕೆ ಬಿಗಿಯಲ್ಪಟ್ಟಿದ್ದದು ಬೈಲಿಗೆ ಬಂತು. ಆಗ ಪಾರ್ಲಿಮೆಂಟು 1815ರಲ್ಲಿ ವಿಚಾರಣೆಗಾಗಿ ಒಂದು ಸಮಿತಿಯನ್ನು ನೇಮಿಸಿತು. ಎಂಭತ್ತಮೂರು ವರುಷದ ಮುದುಕನಾದ ಟ್ಯೂಕನು ಅದರ ಮುಂದೆ ಸಾಕ್ಷಿ ಹೇಳಿದನು. ಬರಬರುತ್ತಾ ಆತನ ಕಣ್ಣುಗಳು ಕುರುಡಾದವು. 1822ನೇ ಇಸವಿಯ ಡಿಸೆಂಬರ್ 6ನೇ ತಾರೀಖಿನಲ್ಲಿ, ತೊಂಭತ್ತು ವರುಷದವನಾಗಿ, ಆತನು ಈ ಲೋಕವನ್ನು ಬಿಟ್ಟನು. ಆತನು ಕಟ್ಟಿಸಿದ ಮನೆಯಲ್ಲಿ ಆ ಮೇಲೆಯೂ ಇನ್ನೂರು ವರುಷಗಳ ಹತ್ತಿರ ರೋಗಿಗಳ ಸೇವೆ ನಡೆಯಿತು.

ಟ್ಯೂಕನ ಮಾದರಿಯನ್ನು ಲೋಕವು ಅನುಸರಿಸಿತೋ? ಅನುಸರಿಸಿತು, ಆದರೆ ಅರ್ಧ ಮಾತ್ರ. 1845ರಲ್ಲಿ ಇಂಗ್ಲೆಂಡಿನ ಪ್ರತಿಯೊಂದು ಜಿಲ್ಲೆಯೂ ಹುಚ್ಚರಿಗಾಗಿ ಆಸ್ಪತ್ರೆ ಕಟ್ಟಬೇಕೆಂದು ಕಾನೂನಾಯಿತು. ಅದೇ ವರುಷ ನಮ್ಮ ಧಾರವಾಡದ ಆಸ್ಪತ್ರೆಯು ಹುಟ್ಟಿತೆಂಬದನ್ನು ಗಮನಿಸಿರಿ. ಕಟ್ಟುವವರು ಟ್ಯೂಕನಿಂದ ತೋಟವನ್ನೂ ಎತ್ತರದ ಸ್ಥಳವನ್ನೂ ಕಲಿತರು. ಮೂವತ್ತು ಮಂದಿ ಎಂಬ ಅಳತೆಯನ್ನು ಮರೆತರು. ಲಂಡನಿನ ಹೊರಗೆ ಕೋಲ್ನಿ ಹ್ಯಾಚ್ ಎಂಬಲ್ಲಿ 1851ರಲ್ಲಿ ತೆರೆದ ಆಸ್ಪತ್ರೆಯನ್ನು ಸಾವಿರಕ್ಕಿಂತ ಹೆಚ್ಚು ಮಂದಿಗಾಗಿ ಕಟ್ಟಿದರು. ಅಷ್ಟು ಜನರ ನಡುವೆ ಒಬ್ಬೊಬ್ಬನನ್ನು ಹೆಸರು ಹಿಡಿದು ಚಹಾಕ್ಕೆ ಕರೆಯುವವರು ಯಾರು? ಆಶ್ರಯದ ಮನೆಯು ತಿರಿಗಿ ಉಗ್ರಾಣವಾಯಿತು.

ನಮ್ಮ ದೇಶದ ಸಂಗತಿಯೂ ಬಹು ಬೇರೆಯಲ್ಲ. 1858ರಲ್ಲಿ ಬ್ರಿಟಿಷ್ ಸರಕಾರವು ಹುಚ್ಚರ ಆಸ್ಪತ್ರೆಗಳ ಕಾನೂನನ್ನು ಮಾಡಿತು. 1912ರಲ್ಲಿ ಮತ್ತೊಂದು ಬಂತು. ಕಾಯುವದು ಮತ್ತು ಕೂಡಿಹಾಕುವದು ಇವೇ ಹೆಚ್ಚಾಗಿ ಆ ಕಟ್ಟಡಗಳ ಉದ್ದೇಶವಾಗಿದ್ದವು. ಬೆಂಗಳೂರಿನಲ್ಲಿ 1847ರಲ್ಲಿ ಡಾಕ್ಟರ್ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬವರು ಒಂದು ಆಸ್ಪತ್ರೆಯನ್ನು ಸ್ಥಾಪಿಸಿದರು. 1925ರಲ್ಲಿ ಅದರ ಹಳೆಯ ಹೆಸರನ್ನು ಬಿಟ್ಟು ಮಾನಸಿಕ ಆಸ್ಪತ್ರೆ ಎಂದು ಕರೆದರು. ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1930ರ ದಶಕದಲ್ಲಿ, ಅದು ಪೇಟೆಯ ಇಕ್ಕಟ್ಟಿನಿಂದ ಹೊಸೂರು ರಸ್ತೆಯ ಬದಿಯ ವಿಶಾಲವಾದ ಬೈಲಿಗೆ ಬಂತು. ಗಾಳಿ, ಬೆಳಕು, ಮರ, ಹೂದೋಟ ಇವುಗಳು ರೋಗಿಗೆ ಅವಶ್ಯವೆಂದು ಅಲ್ಲಿ ಒಪ್ಪಲ್ಪಟ್ಟವು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಅದರ ಪಕ್ಕದಲ್ಲಿ ಆರಂಭವಾಯಿತು. 1974ರಲ್ಲಿ ಎರಡೂ ಕೂಡಿ ಈಗಿನ ನಿಮ್ಹಾನ್ಸ್ ಆದವು. ಧಾರವಾಡದ ಆಸ್ಪತ್ರೆಯೂ ಹಳೆಯ ಹೆಸರನ್ನು ಕಳಚಿ, ಈಗ ಡಿಮ್ಹಾನ್ಸ್ ಎಂಬ ಹೆಸರಿನಿಂದ ಚಿಕಿತ್ಸೆಯನ್ನೂ ವಿದ್ಯೆಯನ್ನೂ ಕೊಡುತ್ತದೆ. ಅಲ್ಲಿಗೆ ಬರುವವರಲ್ಲಿ ಬಹು ಮಂದಿ ವೈದ್ಯರನ್ನು ಕಂಡು, ಔಷಧ ತಕ್ಕೊಂಡು, ಅದೇ ದಿನ ಊರಿಗೆ ತಿರುಗುತ್ತಾರೆ.

ಗೋಡೆಗಳ ವಿಷಯದಲ್ಲಿ ನಮ್ಮ ದೇಶದವರು ಟ್ಯೂಕನಿಗಿಂತ ಒಂದು ಹೆಜ್ಜೆ ಮುಂದೆಯೂ ಹೋಗಿದ್ದಾರೆ. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ್ ಎಂಬವರು ಅಂಗಳದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಮನೆಯವರನ್ನು ಅವರ ಸಂಗಡವೇ ಇರಿಸಿದರು. ವೆಲ್ಲೂರಿನ ಮಿಶನ್ ಆಸ್ಪತ್ರೆಯ ಮಾನಸಿಕ ಆರೋಗ್ಯ ಕೇಂದ್ರದಲ್ಲಿಯೂ 1957ರಿಂದ ಬಂಧುಗಳು ರೋಗಿಯ ಜೊತೆಯಲ್ಲಿಯೇ ವಾಸಿಸುವ ರೀತಿಯು ಬೆಳೆಯಿತು. ಹ್ಯಾನಾ ಮಿಲ್ಸಳ ಬಂಧುಗಳಿಗೆ ಮುಚ್ಚಿದ್ದ ಬಾಗಿಲು ಇಲ್ಲಿ ಬಂಧುಗಳಿಗಾಗಿಯೇ ತೆರೆಯಿತು. ತರುವಾಯ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ, 1980ರ ದಶಕದಲ್ಲಿ, ನಿಮ್ಹಾನ್ಸಿನವರು ಹಳ್ಳಿಯ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ರೋಗದ ಚಿಕಿತ್ಸೆಯು ಮನೆಯ ಹತ್ತಿರವೇ ದೊರಕುವ ಹಾಗೆ ಮಾಡಿದರು. ಆ ಮಾದರಿಯನ್ನು ಅನುಸರಿಸಿ 1996ರಲ್ಲಿ ಭಾರತ ಸರಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಹೀಗೆ ಕಡೆಗೆ ಅತ್ಯುತ್ತಮವಾದ ಕಟ್ಟಡವು ರೋಗಿಯ ಸ್ವಂತ ಮನೆಯೇ ಎಂದು ಕಂಡುಬಂತು. ಆ ಮನೆಗೆ ಔಷಧವೂ ತಿಳುವಳಿಕೆಯೂ ನೆರೆಯವರ ಸಹಾಯವೂ ಮುಟ್ಟಬೇಕಷ್ಟೆ.

ಆದರೆ ಮುಟ್ಟದೆ ಇದ್ದಲ್ಲಿ ಏನಾಗುತ್ತದೆಂಬದನ್ನೂ ನಾವು ಕಂಡಿದ್ದೇವೆ. 2001ನೇ ಇಸವಿಯ ಆಗಸ್ಟ್ 6ನೇ ತಾರೀಖಿನ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿ ಎಂಬ ಊರಿನಲ್ಲಿ, ಮಾನಸಿಕ ರೋಗಿಗಳನ್ನು ಇಟ್ಟಿದ್ದ ಒಂದು ಗರಿಯ ಚಪ್ಪರಕ್ಕೆ ಬೆಂಕಿ ಬಿತ್ತು. ಅವರ ಕಾಲುಗಳಿಗೆ ಸರಪಣಿಗಳಿದ್ದವು. ಓಡಲಾರದೆ ಇಪ್ಪತ್ತೆಂಟು ಮಂದಿ ಸುಟ್ಟು ಸತ್ತರು. ಅವರನ್ನು ಅಲ್ಲಿಗೆ ತಂದು ಬಿಟ್ಟವರು ಅವರ ಬಂಧುಗಳೇ. ಈಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾನೂನಿನ ಪ್ರಕಾರ ಮಾನಸಿಕ ರೋಗವುಳ್ಳ ಯಾರನ್ನೂ ಯಾವ ರೀತ್ಯದಲ್ಲಿಯೂ ಸರಪಣಿಯಿಂದ ಬಿಗಿಯಕೂಡದು. ಇದು ಒಳ್ಳೆಯ ಕಾನೂನು. ಆದರೂ ಯಾವ ಕಾನೂನೂ ತಾನಾಗಿ ಒಂದು ದನದ ಕೊಟ್ಟಿಗೆಯೊಳಗೆ ನಡೆದುಕೊಂಡು ಹೋಗಲಾರದು, ಮನುಷ್ಯರೇ ಹೋಗಬೇಕು.

ಪ್ರಿಯರೇ, ಗೆರಸೇನರ ಸೀಮೆಯ ಆ ಮನುಷ್ಯನ ವೃತ್ತಾಂತವನ್ನು ನೀವೆಲ್ಲರೂ ಬಲ್ಲಿರಿ. ಊರಿನವರು ಅವನನ್ನು ಸರಪಣಿಗಳಿಂದ ಕಟ್ಟಿ ನೋಡಿದರು. ಅವನು ಹರಿದುಕೊಂಡು ಸಮಾಧಿಗಳಲ್ಲಿ ವಾಸಿಸಿದನು. ಕರ್ತನು ಅವನ ಹೆಸರನ್ನು ಕೇಳಿದನು. ಸ್ವಸ್ಥನಾದ ಮೇಲೆ ಅವನನ್ನು ಕಳುಹಿಸಿದ್ದು ಎಲ್ಲಿಗೆ? ಅವನ ಸ್ವಂತ ಮನೆಗೆ, ಅವನ ಜನರ ಬಳಿಗೆ.

ನಿಮ್ಮ ಊರಿನಲ್ಲಿ ಇಂಥವರಿದ್ದರೆ ಮೊದಲು ಹೋಗಿ ನೋಡಿರಿ. ದೆವ್ವ ಹಿಡಿದಿದೆ, ಪಾಪದ ಫಲ ಎಂದು ಹೇಳಿ ಆ ಮನೆಯವರ ಭಾರವನ್ನು ಹೆಚ್ಚಿಸಬೇಡಿರಿ; ಇದು ರೋಗ, ಇದಕ್ಕೆ ಔಷಧವುಂಟು. ಗದಗಿನ ಜಿಲ್ಲಾ ಆಸ್ಪತ್ರೆಗಾಗಲಿ ಧಾರವಾಡಕ್ಕಾಗಲಿ ಅವರ ಸಂಗಡ ಒಬ್ಬರು ಹೋಗಿರಿ. ಬಸ್ಸಿನಲ್ಲಿ ರೋಗಿಯನ್ನು ಒಬ್ಬ ತಾಯಿಯು ಒಂಟಿಯಾಗಿ ಹಿಡಿದುಕೊಂಡು ಹೋಗಲಾರಳು. 14416 ಎಂಬ ಸರಕಾರಿ ದೂರವಾಣಿಗೆ ಕರೆಮಾಡಿದರೆ ಖರ್ಚಿಲ್ಲದೆ ಕನ್ನಡದಲ್ಲಿಯೇ ಸಲಹೆ ಸಿಕ್ಕುತ್ತದೆ. ಔಷಧವನ್ನು ಅರ್ಧಕ್ಕೆ ಬಿಡದಂತೆ ಜ್ಞಾಪಕಪಡಿಸಿರಿ. ಗುಣವಾಗಿ ಬಂದವನನ್ನು ಹಳೆಯ ಅಡ್ಡಹೆಸರಿನಿಂದ ಕರೆಯಬೇಡಿರಿ. ಹೊಲದಲ್ಲಿ, ಅಂಗಡಿಯಲ್ಲಿ, ಅವನ ಕೈಗೆ ಕೆಲಸ ಕೊಡಿರಿ.

ನಾನೂ ಆ ಮನೆಗೆ ತಿರಿಗಿ ಹೋದೆನು. ಈ ಸಾರಿ ಪಡಸಾಲೆಯಲ್ಲಿ ಕೂರುವ ಮೊದಲು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಆತನನ್ನು ಹೆಸರು ಹಿಡಿದು ಕರೆದೆನು. ಬಹಳ ಹೊತ್ತು ಆತನು ಸುಮ್ಮನಿದ್ದನು. ಆ ಮೇಲೆ ನಾನು ಯಾವ ಊರಿನವನೆಂದು ಕೇಳಿದನು. ಅಂದು ಆತನ ತಂದೆಯೂ ನಾನೂ ಕೂತು ಧಾರವಾಡಕ್ಕೆ ಹೋಗುವ ದಿನವನ್ನು ಗೊತ್ತುಮಾಡಿದೆವು.